ಮುಚ್ಚಳ ಹಾಕಿದ ಮೇಲೆ

ಮಂಗಳವಾರ, ಜುಲೈ 8, ಧನಕವಡಿ

ವಾರದಿಂದ ಕಾಡುತ್ತಿದ್ದ ಸರ್ಕ್ಯೂಟ್ ಇವತ್ತು ದಾರಿಗೆ ಬಂತು. ಎರಡು ಚಿಪ್‌ಗಳಿಗೆ ತಾಳ ಕೊಡುವ ಕ್ಲಾಕ್ ಸಿಗ್ನಲ್ ಒಂದೇ ಕ್ಷಣಕ್ಕೆ ತಲುಪಬೇಕು. ಮುಂಚೆ ತಲುಪುವ ಸಿಗ್ನಲನ್ನು ಬೇಕಾದಷ್ಟು ತಡ ಮಾಡುವುದೇ ಈ ಸರ್ಕ್ಯೂಟಿನ ಕೆಲಸ. ಮೇಜಿನ ಮೇಲೆ ಸರಿಯಿರುತ್ತಿತ್ತು, ಪೆಟ್ಟಿಗೆಗೆ ಮುಚ್ಚಳ ಹಾಕಿದರೆ ಕೆಡುತ್ತಿತ್ತು. ಇವತ್ತೂ ಆಗದಿದ್ದರೆ ನಮ್ಮ ಆಫೀಸಿನ ಸಾಹೇಬರು ಇದನ್ನು ಕೈಬಿಡುವವರಿದ್ದರು.

ಮಧ್ಯಾಹ್ನ ಮುಚ್ಚಳ ಮುಟ್ಟಿದರೆ ಬಿಸಿ. ಒಳಗಿನ ಬಿಸಿಗೇ ತಡ ಬದಲಾಗುತ್ತಿದೆ ಎಂದು ಆಗ ಹೊಳೆಯಿತು. ಮುಚ್ಚಳಕ್ಕೆ ತೂತು ಕೊರೆದು ಹಾಕಿದೆ. ಬಿಸಿಯೇರಿದ ಮೇಲೆ ತೂತಿನಿಂದ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಇಳಿಸಿ, ತಡವನ್ನು ಹೆಚ್ಚು ಕಡಿಮೆ ಮಾಡುವ ಸ್ಕ್ರೂ ತಿರುಗಿಸಿದೆ. ಸಿಗ್ನಲ್ ತೋರಿಸುವ ಆಸಿಲೋಸ್ಕೋಪ್ ಪರದೆಯ ಮೇಲೆ ಎರಡು ಚಿಪ್‌ಗಳ ಅಲೆಗಳೂ ಒಂದರ ಮೇಲೊಂದು ಕೂತವು.

ಜೊತೆಗಿದ್ದ ಸಂಜು, "ಈಗರ ಉಸಿರು ಬಿಡ್ರಿ, ರಂಜನಾ" ಅಂದ. ಸಾಹೇಬರು ನೋಡಿ, ಇದನ್ನೇ ಇಟ್ಟುಕೊಳ್ಳೋಣ ಎಂದರು.

ರಾತ್ರಿ ಮನೆಗೆ ಬಂದಾಗ ಅತ್ತೆ, "ಇಷ್ಟ್ಯಾಕ ತಡಾ ಆತವ್ವಾ?" ಎಂದು ಕೇಳಿದರು.

"ತಡಾ ಮಾಡೋದ ನನ್ನ ಕೆಲಸ ರೀ" ಅಂದೆ.

ಅರ್ಥವಾಗದಿದ್ದರೂ ನನ್ನ ನಗು ನೋಡಿ ಅವರೂ ನಕ್ಕರು. ನಿದ್ದೆಗೆ ಕಣ್ಣು ಎಳೆಯುತ್ತಿದೆ, ಆದರೂ ಆ ಅಲೆಗಳು ಇನ್ನೂ ಕಣ್ಣ ಮುಂದೆಯೇ ಇವೆ.