ಎದ್ದು ಹೋಗುವ ಮೊದಲು ಹೇಳಿ ಹೋಗಲಿ

ಜಾಗತಿಕ ಆರೋಗ್ಯ ತರಬೇತಿಯ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಭದ್ರಾವತಿಯ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಜಗದಾಂಬಾಳ ಬಿ.ಪಿ. ನೋಡಿ, ಅದು ಅಪಾಯದ ಮಟ್ಟದಲ್ಲಿದೆಯೆಂದು ತಿಳಿದೂ ನಮಗೆ ಹೇಳದೆ ಹೋದರು. ಈಗ ಅವಳ ಬಲಭಾಗ ಸ್ವಾಧೀನದಲ್ಲಿಲ್ಲ, ಮಾತು ನಿಂತಿದೆ. ದೂರು ಇಷ್ಟೇ. ಉಳಿದದ್ದು ವಿವರ.

ಹೊರದೇಶದವರೂ ಶಿವಮೊಗ್ಗದವರೂ ಸೇರಿ ಒಂದು ವ್ಯಾನು ತುಂಬ ಬಂದಿದ್ದರು. ಬಡವರ ಆರೋಗ್ಯವನ್ನು ಹತ್ತಿರದಿಂದ ಅರಿಯುವುದು ಉದ್ದೇಶವೆಂದು ನಿಮ್ಮ ಕಚೇರಿಯವರು ಮೊದಲೇ ತಿಳಿಸಿದ್ದರು. ಕಾರ್ಖಾನೆಯ ಉಗ್ರಾಣದಲ್ಲಿ ದುಡಿದು ನಿವೃತ್ತನಾದ ನಾನು ಅಲ್ಲಿಯತನಕ ಮಧ್ಯಮ ವರ್ಗದವನೆಂಬ ಭ್ರಮೆಯಲ್ಲಿದ್ದೆ. ಅದನ್ನು ಬಿಡಿಸಿದ್ದಕ್ಕೆ ಕೃತಜ್ಞ. ಜಗದಾಂಬಾ ರೇಷ್ಮೆ ಸೀರೆ ಉಟ್ಟು ಎಲ್ಲರಿಗೂ ಕಾಫಿ, ಕೋಡುಬಳೆ ಕೊಟ್ಟಳು. ಅವರು ಒಬ್ಬರಾದ ಮೇಲೊಬ್ಬರು ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು, ಮುಖ ಮುಖ ನೋಡಿಕೊಂಡರು. ಶಿವಮೊಗ್ಗ ವಿನೋಬನಗರದ ಶರಣ್ಯಾ ಎಂಬ ವಿದ್ಯಾರ್ಥಿನಿ ದುಭಾಷಿಯಾಗಿದ್ದಳು. ಅವರ ಪ್ರಶ್ನೆಗಳೆಲ್ಲ ಕನ್ನಡಕ್ಕೆ ಬಂದವು, ನಮ್ಮ ಉತ್ತರಗಳೆಲ್ಲ ಇಂಗ್ಲಿಷಿಗೆ ಹೋದವು. ಬಿ.ಪಿ. ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಆಮೇಲೆ ಎಲ್ಲರೂ ಜಗದಾಂಬಾಳನ್ನು ನಡುವೆ ಕೂರಿಸಿ ಫೋಟೋ ತೆಗೆಸಿಕೊಂಡು ಹೊರಟರು.

ಕೆಲವು ದಿನಗಳಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಆಸ್ಪತ್ರೆಗೆ ಹೋಗೋಣ ಎಂದೆ. “ಅಷ್ಟು ಜನ ಡಾಕ್ಟ್ರು ನೋಡ್ಕೊಂಡು ಹೋಗಿದ್ದಾರಲ್ರೀ, ಏನಾದ್ರೂ ಇದ್ದಿದ್ರೆ ಹೇಳ್ತಿರ್ಲಿಲ್ವಾ?” ಎಂದಳು. ನನಗೂ ಸರಿಯೆನಿಸಿತು. ಕಾಫಿ ಕುಡಿದ ಮನೆಗೆ ಇಷ್ಟನ್ನೂ ಹೇಳದೆ ಹೋಗುತ್ತಾರೆಂದು ಯಾರು ತಾನೇ ಎಣಿಸುತ್ತಾರೆ? ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದಳು.

ಶಿವಮೊಗ್ಗದಲ್ಲಿ ಅವಳನ್ನು ಸೇರಿಸಿದ ವಾರ್ಡಿಗೆ ಶರಣ್ಯಾಳೇ ಬಂದಳು. ಗುರುತು ಹಿಡಿದು ಅಳತೊಡಗಿದಳು. “ಅಂಕಲ್, ಅವತ್ತೇ ತುಂಬಾ ಹೈ ಇತ್ತು. ಟ್ರೈನಿಂಗ್ ಕೊಡೋರು ನಮಗೆ, ನೀವು ಹೋಗ್ತಿರೋದು ಕಲಿಯೋಕೆ, ಮನೆಯವರಿಗೆ ಏನೂ ಹೇಳ್ಬೇಡಿ ಅಂದಿದ್ರು.” ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. “ಊಟ ಆಯ್ತೇನಮ್ಮ?” ಎಂದು ಕೇಳಿದೆ. ಈಗಲೂ ಏನೂ ಅನಿಸುವುದಿಲ್ಲ. ಗಂಜಿ ಕುಡಿಸುತ್ತೇನೆ, ಮಗ್ಗುಲು ಬದಲಿಸುತ್ತೇನೆ, ಬಟ್ಟೆ ಒಗೆಯುತ್ತೇನೆ. ಈ ಪತ್ರವನ್ನೂ ಹಾಗೆಯೇ ಬರೆಯುತ್ತಿದ್ದೇನೆ.

ಜಾಗತಿಕ ಆರೋಗ್ಯವೆಂದರೆ ಯಾರ ಆರೋಗ್ಯ, ಮಾನ್ಯರೇ? ಆ ಜಗತ್ತಿನಲ್ಲಿ ನಮ್ಮ ಬೀದಿಯೂ ಸೇರಿದೆಯೇ? ಬಂದಿದ್ದ ಆ ಮಕ್ಕಳನ್ನು ನಾನು ದೂರುವುದಿಲ್ಲ. ಅವರಿಗೆ ಹೇಳಬೇಕೆನಿಸಿತ್ತು, ಸುಮ್ಮನಿರುವುದನ್ನು ತಾವು ಕಲಿಸಿದಿರಿ. ತರಬೇತಿ ಯಶಸ್ವಿಯಾಗಿದೆ, ಅಭಿನಂದನೆಗಳು.

ಮೊನ್ನೆ ನಿಮ್ಮ ಕಚೇರಿಯಿಂದ ಮತ್ತೆ ಫೋನು ಬಂತು. ಹೊಸ ತಂಡ ಬರುತ್ತದಂತೆ; ಪಾರ್ಶ್ವವಾಯು ಆದವರನ್ನು ಮನೆಯಲ್ಲೇ ನೋಡಿದರೆ ವಿದ್ಯಾರ್ಥಿಗಳಿಗೆ ಬಹಳ ಉಪಯೋಗವಂತೆ. ಕಳಿಸಿ. ಕಾಫಿ ನಾನೇ ಮಾಡುತ್ತೇನೆ. ಆದರೆ ಯಾರನ್ನು ಮುಟ್ಟಿ ನೋಡುತ್ತಾರೋ ಅವರಿಗೆ, ಅವರ ಭಾಷೆಯಲ್ಲಿ, ಕಂಡದ್ದನ್ನು ಹೇಳಿಯೇ ಏಳಬೇಕೆಂದು ನಿಯಮ ಮಾಡಿ ಕಳಿಸಿ. ನನ್ನನ್ನು ಪಕ್ಕಕ್ಕೆ ಕರೆದು ಹೇಳುವುದು ಬೇಡ, ಅವಳಿಗೇ ಹೇಳಲಿ. ಅವಳ ಮಾತು ಹೋಗಿದೆ, ಕಿವಿ ಕೇಳುತ್ತದೆ.

ಇಂತಿ,
ಹಿಂದಿನ ತಂಡಕ್ಕೆ ಪಾಠವಾದ ಮನೆಯ ಯಜಮಾನ,
ರೇಣುಕಾಪ್ರಸಾದ್
ಭದ್ರಾವತಿ