ಮಡಚದೆ ಕತ್ತರಿಸಿದ ಬಟ್ಟೆ

ಕತ್ತರಿ ಹಿಡಿಯಲು ಕಲಿಸಿದ ದಸ್ತಗೀರ ಚಾಚಾ ಅವರಿಗೆ, ಪೇಪರ್ ಏಜೆಂಟರ ಮಗಳು ಸುಮನ್ ಮಾಡುವ ಸಲಾಂ.

ನೀವು ಕಣ್ಣು ಮುಚ್ಚಿದ ಮರುವಾರ ಕಾಗವಾಡದ ನಿಮ್ಮ ಅಂಗಡಿಯ ಬಾಗಿಲು ತೆರೆದು ಕಸ ಹೊಡೆಯುತ್ತಿದ್ದೆ. ಹೊಲಿಯಲು ಕೊಟ್ಟುಹೋಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಯಾರೂ ಜಗಳ ತೆಗೆಯಲಿಲ್ಲ. ನಿಮ್ಮನ್ನು ನೆನೆದು ಕಣ್ಣೀರು ಹಾಕಿದವರೂ ಇದ್ದರು. ಕಣ್ಣು ಒರೆಸಿಕೊಂಡು, "ಚಾಚಾ ಇದ್ದಾಗಿನ ಮಾತ ಬ್ಯಾರೆ ಇತ್ತವ್ವಾ. ಬಟ್ಟಿ ಕೊಡು, ಮಿರಜದಾಗ ಹೊಲಸ್ತೀವಿ" ಎಂದು ಹಾಗೇ ಮಡಚಿಕೊಂಡು ಹೋದರು. ಕಪಾಟಿನ ಖಾನೆಗಳು ಖಾಲಿಯಾಗುವುದನ್ನು ಚಾಚಿ ಒಳಬಾಗಿಲಲ್ಲಿ ನಿಂತು ನೋಡಿದರು. ಕೀಲಿ ನನ್ನ ಕೈಗಿಟ್ಟು, "ವರ್ಷತನಕ ನಡಸಿ ನೋಡು ಬೇಟಿ. ಆಗದಿದ್ರ ಮಷಿನ್ ಮಾರೂಣು" ಎಂದರು. ಅಂದಿನಿಂದ ಹೆದರಿಕೆ ನನ್ನನ್ನು ಬಿಟ್ಟಿಲ್ಲ. ನನಗೆ ಬರುತ್ತಿದ್ದದ್ದಾದರೂ ಏನು? ಕಾಜಾ, ಗುಂಡಿ, ಸೀರೆಗೆ ಫಾಲ್, ಸೀರೆಯ ಜೊತೆ ತೊಡುವ ದಿನಬಳಕೆಯ ಜಂಪರ. ಮದುವೆಯ ಬಟ್ಟೆಗೆ ನೀವಿದ್ದಷ್ಟು ದಿನ ಬೇರೆ ಯಾರೂ ಕತ್ತರಿ ಹಾಕಿದ್ದಿಲ್ಲ.

ನಿಮ್ಮ ಶುಕ್ರವಾರಗಳು ನೆನಪಾಗುತ್ತವೆ. ಎಂಬತ್ತರ ದಶಕದ ಕೊನೆಗೆ ನಾನು ಕೆಲಸಕ್ಕೆ ಸೇರಿದ ಮೊದಲ ಶುಕ್ರವಾರವೇ, ನಮಾಜಿಗೆ ಹೊರಡುವ ಮುಂಚೆ ನೀವು ಚಿಂದಿಯ ಗಂಟನ್ನು ನನ್ನ ಮುಂದೆ ಸುರಿದಿರಿ. "ನಾ ಬರೂದ್ರಾಗ ಇದರಾಗ ಏನರ ಮಾಡು. ಅಳತಿ ಇಲ್ಲ, ನಮೂನಿ ಇಲ್ಲ. ಮೊದಲ ಯಾರೂ ಮಾಡಿರಬಾರದು." ನಾನು ಚೀಲ ಹೊಲಿದೆ. ಮುಂದಿನ ಶುಕ್ರವಾರವೂ ಚೀಲ. ಅದರ ಮುಂದಿನದಕ್ಕೆ ಹಿಡಿಕೆ ಉದ್ದವಿದ್ದ ಚೀಲ.

"ಮತ್ತ ಚೀಲ? ಕಾಗವಾಡದಾಗ ಚೀಲದ ಬರಗಾಲ ಬಿದ್ದೈತೇನು?"

"ಉಪಯೋಗಕ್ಕ ಬರತೈತ್ರಿ ಚಾಚಾ."

"ಬರತೈತಿ. ಆದ್ರ ನೀ ಹೆದರಿ ಹೊಲದೀದಿ. ಅದಕ್ಕ ಚೀಲಾನ ಆಗೇತಿ."

ಅಂದು ನನಗೆ ಸಿಟ್ಟು ಬಂದಿತ್ತು. ನಮ್ಮ ಮನೆಯಲ್ಲಿ ಅಪ್ಪ ಬೆಳಗಿನ ಬಸ್ಸಿನಿಂದ ಇಳಿಸಿದ ಪೇಪರಿನ ಕಟ್ಟು ಬಿಚ್ಚುತ್ತಿದ್ದಂತೆ ಓದಿ ಬೆಳೆದವಳು ನಾನು. ಎಲ್ಲಿ, ಯಾವಾಗ, ಯಾರು ಎಂಬುದು ಗೊತ್ತಿದ್ದರೆ ಸಾಕು, ಇಲ್ಲದ್ದನ್ನು ಊಹಿಸುವುದು ಸುಳ್ಳಿನ ಸಂಬಂಧಿ ಎಂದೇ ನಂಬಿದ್ದೆ. ಕೆಟ್ಟರೆ ಏನು ಮಾಡಲಿ ಎಂದು ಕೇಳಿದೆ. ನೀವು ನಕ್ಕು, "ಕೆಟ್ಟರ ಚಿಂದಿ ಆಗತೈತಿ. ಈಗೇನ ಐತಿ? ಚಿಂದೀನ ಐತಿ. ಅದಕ್ಕ ಚಿಂದಿ ಕೊಟ್ಟೇನಿ" ಎಂದಿರಿ.

ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಲು ಹೇಳಿದ ದಿನವೂ ನೆನಪಿದೆ. ಇನ್ನೊಂದು ದಿನ ಮನೆಗೆ ಬೇರೆ ಓಣಿಯಿಂದ ಹೋಗು ಎಂದಿರಿ. ಮತ್ತೊಂದು ದಿನ, ಬಂದ ಗಿರಾಕಿಗೆ ನಿನ್ನೆ ಕೇಳದ ಒಂದು ಪ್ರಶ್ನೆ ಕೇಳು ಎಂದಿರಿ. "ದಿನಾ ಒಂದ ಕೆಲಸರ ಬ್ಯಾರೆ ಥರಾ ಮಾಡು. ಇಲ್ಲಾಂದ್ರ ಕೈಗೆ ನಿದ್ದಿ ಹತ್ತತೈತಿ. ನಿದ್ದಿಗಣ್ಣಿನ ಕೈ ಹಾದಿ ತಪ್ಪಿದ್ದು ಅದಕ್ಕ ಗೊತ್ತಾಗೂದಿಲ್ಲ." ಚಿಂದಿ ಹಿಡಿದು ಸುಮ್ಮನೆ ಕೂತರೆ, ತಲೆಕೆಳಗು ಮಾಡಿ ನೋಡು, ಯಾರು ತೊಡುತ್ತಾರೆ, ಎಲ್ಲಿ ಹರಿಯುತ್ತದೆ ಎಂದು ಕೇಳಿಕೋ ಎನ್ನುತ್ತಿದ್ದಿರಿ. ಚೀಲ ಬಿಟ್ಟು ಮುದುಕಿಯರಿಗೆ ಕಿವಿ ಮುಚ್ಚುವ ಟೋಪಿ ಹೊಲಿದೆ, ಸೈಕಲ್ ಸೀಟಿಗೆ ಮಳೆಗಾಲದ ಗವಸು ಹೊಲಿದೆ. ಆದರೂ ಅದೆಲ್ಲ ಆಟವೆಂದೇ ತಿಳಿದಿದ್ದೆ. ನಿಮಗೆ ಹಾಗನ್ನಿಸಿತ್ತೇ?

ಜುಗೂಳದ ಆ ತಾಯಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಹೋದ ತಿಂಗಳು. ಮಗಳು ಶೋಭಾಳ ಮದುವೆ, ಗಂಡಿನ ಮನೆ ಉಗಾರ ಬುದ್ರುಕ. ರೇಷ್ಮೆ ಸೀರೆಯ ಜೊತೆಗೇ ನೇಯ್ದು ಬಂದ ಜಂಪರದ ತುಂಡನ್ನು ಮೇಜಿನ ಮೇಲಿಟ್ಟರು. ಹಸಿರು ಮೈ, ಕೆಂಪಂಚು. ಅಂಥ ಇನ್ನೊಂದು ತುಂಡು ಎಲ್ಲಿ ಹುಡುಕಿದರೂ ಸಿಗದು. ಅಳತೆಗೆಂದು ಒಂದು ಹಳೆಯ ಜಂಪರ ತಂದಿದ್ದರು. ಅದರ ಎಡಗಂಕುಳ ಮತ್ತೆಮತ್ತೆ ಹರಿದು ಹೊಲಿಸಿಕೊಂಡಿತ್ತು. ಬಲಗಂಕುಳಕ್ಕೆ ಒಂದು ದಾರವೂ ಹಚ್ಚಿರಲಿಲ್ಲ.

"ಹುಡುಗಿ ಒಮ್ಮೆ ಬಂದ ಹೋಗ್ಲಿ ಬಿಡ್ರಿ ಕಾಕು" ಎಂದೆ.

"ಅಳತಿ ತಂದೇನಲ್ಲ. ಮಿರಜದಾವ್ರೂ ಹುಡುಗಿನ್ನ ಕರಕೊಂಬಾ ಅಂದ್ರು, ಅದಕ್ಕ ಇಲ್ಲಿಗೆ ಬಂದೇನಿ. ನಿಮ್ಮ ಚಾಚಾ ಇಷ್ಟ ಕೇಳತಿದ್ದಿಲ್ಲ ನೋಡವ್ವಾ."

ನಿಮ್ಮ ಹೆಸರು ಬಂದ ಮೇಲೆ ನನಗೆ ಬೇಡ ಎನ್ನಲಾಗಲಿಲ್ಲ. ಬಟ್ಟೆ ತೆಗೆದುಕೊಂಡೆ.

ಬಳೆ ಕೊಳ್ಳುವ ನೆಪ ಹೇಳಿ ಶೋಭಾ ಒಬ್ಬಳೇ ಬಸ್ಸು ಹತ್ತಿ ಬಂದ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ತಾನೇ ಬಾಗಿಲು ಮುಚ್ಚಿದಳು. "ಅವ್ವ ತಂದದ್ದು ನಮ್ಮಕ್ಕನ ಜಂಪರರೀ. ನಾ ಅಕ್ಕನ ಜಂಪರನ ತೊಡಾಕಿ." ಸೆರಗು ಇಳಿಸಿದಳು. ಎಡಹೆಗಲು ಬಲಕ್ಕಿಂತ ಕೆಳಗಿತ್ತು. ಸಣ್ಣವಳಿದ್ದಾಗ ಕಬ್ಬಿನ ಗಾಡಿಯಿಂದ ಬಿದ್ದದ್ದು, ಎಲುಬು ಸೊಟ್ಟಗೆ ಕೂಡಿಕೊಂಡದ್ದು, ಅಂದಿನಿಂದ ತಾಯಿ ಸೆರಗು ಸುತ್ತಿ ಮುಚ್ಚುತ್ತ ಬಂದದ್ದು ಎಲ್ಲ ಹೇಳಿದಳು.

"ಗಂಡಿನ ಮನಿಯವ್ರಿಗೆ?"

"ಹುಡುಗಗ ನಾನ ಹೇಳೀನ್ರಿ, ನೋಡಾಕ ಬಂದಾಗನ. ಅವ್ವಗ ಗೊತ್ತಿಲ್ಲ."

"ಏನಂದ್ರು?"

"ತಮಗ ಒಂದ ಕಿವಿ ಕೇಳಸೂದಿಲ್ಲ, ಜಗಳಾಡಬೇಕಾದ್ರ ಆ ಕಡೆ ನಿಂದ್ರು ಅಂದ್ರು."

ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ನಂತರ ಸೆರಗನ್ನು ಹೆಗಲಿಗೆ ಎಳೆದುಕೊಂಡಳು. "ಮಾಲಿ ಹಾಕುವಾಗ ಎರಡೂ ಕೈ ಎತ್ತಬೇಕರಿ ಅಕ್ಕಾ. ಅಕ್ಕನ ಜಂಪರ ತೊಟ್ಟ ಕೈ ಎತ್ತಿದಾಗೆಲ್ಲ ಹರದೈತಿ. ಅಷ್ಟ ಮಂದಿ ಮುಂದ ಹರದ್ರ…" ಎಂದು ಅಲ್ಲಿಗೇ ಬಿಟ್ಟಳು. ಹೆಗಲಿಗೆ ಹತ್ತಿ ತುಂಬಿ ಮೇಲೆತ್ತಲೇ ಎಂದು ಕೇಳಿದೆ. ಬೇಡ ಎಂದಳು. "ಮುಚ್ಚಬ್ಯಾಡ್ರಿ. ಜಗ್ಗದಂಗ ಹೊಲೀರಿ, ಅಷ್ಟ ಸಾಕು." ಎರಡೂ ಹೆಗಲು, ಎರಡೂ ತೋಳು ಬೇರೆಬೇರೆಯಾಗಿ ಅಳೆದುಕೊಂಡೆ.

ಆ ಹಸಿರು ತುಂಡನ್ನು ಮೇಜಿನ ಮೇಲೆ ಹರಡಿದ ಮುಂಜಾನೆಗಳ ಪಾಡು ನಿಮಗೆ ಹೇಗೆ ಹೇಳಲಿ? ಹರಡುವುದು, ಮಡಚುವುದು, ಸೀಮೆಸುಣ್ಣದ ಗೆರೆ ಎಳೆಯುವ ಮೊದಲೇ ಮತ್ತೆ ಎತ್ತಿಡುವುದು. ಹೀಗೇ ದಿನ ಕಳೆದವು. ಬಲಕ್ಕೆ ಸರಿಮಾಡಿದರೆ ಎಡ ಜೋಲುತ್ತಿತ್ತು. ಎಡಕ್ಕೆ ಸರಿಮಾಡಿದರೆ ಬಲ ಬಿಗಿಯುತ್ತಿತ್ತು. ಕತ್ತರಿಸಿದ ರೇಷ್ಮೆಯನ್ನು ಮತ್ತೆ ಕೂಡಿಸಲು ಬರುವುದಿಲ್ಲ, ಇದು ಊಹೆಯಲ್ಲ. ತಪ್ಪಿದರೆ ಆ ಹುಡುಗಿ ಊರ ಮುಂದೆ ಕೈ ಎತ್ತಲಾರಳು, ಈ ಅಂಗಡಿಗೆ ಮತ್ತೆ ಯಾರೂ ಬಟ್ಟೆ ತರಲಾರರು. ಯಾರಾದರೂ ಮೆಟ್ಟಿಲು ಹತ್ತಿದರೆ ಆ ತಾಯಿಯೇ ಬಂದರೆಂದು ತುಂಡನ್ನು ಮೇಜಿನ ಕೆಳಗೆ ಸರಿಸುತ್ತಿದ್ದೆ.

ಶುಕ್ರವಾರ ಮಸೀದಿಯ ಕಡೆಗೆ ಮಂದಿ ಹೊರಟದ್ದು ಕಂಡಾಗ ಯಾಕೋ ಎದ್ದು ಚಿಂದಿಯ ಗಂಟನ್ನು ನಾನೇ ನನ್ನ ಮುಂದೆ ಸುರಿದುಕೊಂಡೆ. ಹಳೆಯ ಚಾದರದ ತುಂಡೊಂದು ಕೈಗೆ ಬಂತು. ತಲೆಕೆಳಗು ಮಾಡಿದೆ. ಯಾರು ತೊಡುತ್ತಾರೆ? ಶೋಭಾ. ಎಲ್ಲಿ ಹರಿಯುತ್ತದೆ? ಎಡಗಂಕುಳಲ್ಲಿ. ಯಾಕೆ ಅಲ್ಲೇ? ಕೇಳಿಕೊಳ್ಳುತ್ತ ಕೂತವಳು ಕೈಗಳನ್ನು ನೋಡಿಕೊಂಡರೆ, ನಾನು ಹೇಳದೆಯೇ ಅವು ಚಾದರವನ್ನು ಎರಡಾಗಿ ಮಡಚಿ ಇಟ್ಟಿದ್ದವು. ಎಷ್ಟು ವರ್ಷಗಳಿಂದ ಹೀಗೆ ಮಡಚುತ್ತ ಬಂದಿದ್ದೇನೆ, ಒಂದು ದಿನವಾದರೂ ಯಾಕೆಂದು ಕೇಳಿಕೊಂಡಿದ್ದೆನೇ? ಒಮ್ಮೆ ಕತ್ತರಿಸಿದರೆ ಎರಡೂ ಬದಿ ಒಂದೇ ಆಗಲೆಂದು ಮಡಚುತ್ತೇವೆ. ಶೋಭಾಳ ಎರಡು ಬದಿ ಒಂದೇ ಅಲ್ಲವಲ್ಲ.

ಹಳೆಯ ಪೇಪರ್ ಬಿಡಿಸಿ ಎಡಕ್ಕೊಂದು, ಬಲಕ್ಕೊಂದು ನಮೂನೆ ಕತ್ತರಿಸಿದೆ. ಚಾದರದ ತುಂಡಿನಲ್ಲಿ ಹೊಲಿದು ನೋಡಿದೆ. ಶೋಭಾ ಇನ್ನೊಮ್ಮೆ ಬಂದು ತೊಟ್ಟು ಕೈ ಎತ್ತಿದಳು, ಎಲ್ಲೂ ಜಗ್ಗಲಿಲ್ಲ. ಆದರೆ ಹೆಗಲು ಇಳಿದ ಕಡೆ ತೋಳಿನ ಅಂಚೂ ಇಳಿದಿತ್ತು. ಎಡತೋಳನ್ನು ಬೆರಳಷ್ಟು ಗಿಡ್ಡ ಮಾಡಿದರೆ ಎರಡೂ ಕೆಂಪಂಚು ಒಂದೇ ಸಾಲಿಗೆ ಬರುತ್ತವೆ ಎಂದು ಹೊಳೆಯಿತು. ಮರುದಿನ ರೇಷ್ಮೆಯನ್ನು ಮಡಚದೆ, ಬಿಚ್ಚಿಟ್ಟು ಕತ್ತರಿಸಿದೆ. ಕತ್ತರಿಯ ಸದ್ದು ಅಷ್ಟು ಜೋರಾಗಿ ನಾನೆಂದೂ ಕೇಳಿರಲಿಲ್ಲ.

ತಾಯಿ ಒಯ್ಯಲು ಬಂದ ದಿನ ಹೊಲಿದದ್ದನ್ನು ಮೇಜಿನ ಮೇಲೆ ಹಾಸಿದರು. ಹಾಸಿದಾಗ ಅದು ಸೊಟ್ಟಗೇ ಕಾಣುತ್ತದೆ, ಏನು ಮಾಡಲಿ? "ಒಂದ ತೋಳ ಗಿಡ್ಡ ಆಗೇತಲ್ಲ" ಎಂದರು, ದನಿ ಇಳಿದಿತ್ತು. ಎಡಹೆಗಲ ಮೇಲೆ ಬೆರಳಾಡಿಸಿದ ಮೇಲೆ ನನ್ನ ಮುಖ ನೋಡಿದರು. ಮಗಳು ಇಲ್ಲಿಗೆ ಬಂದಿದ್ದಳೆಂಬುದು ಆಗ ತಿಳಿದಿರಬೇಕು. "ತೊಡಿಸಿ ನೋಡ್ರಿ ಕಾಕು" ಎಂದೆ. ಮಡಚಿ ಎತ್ತಿಕೊಂಡು ಹೋದರು.

ಮದುವೆಗೆ ಚಾಚಿಯನ್ನು ಕರೆದುಕೊಂಡು ಉಗಾರಕ್ಕೆ ಹೋದೆ. ಮಂಟಪದ ಬದಿಯ ಕಂಬಕ್ಕೆ ಅಂಟಿ ನಿಂತೆ. ಗಂಡು ಎತ್ತರದ ಆಳು, ತಲೆ ಬಗ್ಗಿಸಲಿಲ್ಲ. ಸುತ್ತಲಿನವರು ಚೇಷ್ಟೆ ಮಾಡಿ ಅವನನ್ನು ಇನ್ನಷ್ಟು ಮೇಲೆತ್ತಿದರು. ಚಾಚಿ ನನ್ನ ಮುಂಗೈ ಹಿಡಿದಿದ್ದರು. ಶೋಭಾ ತುದಿಗಾಲಲ್ಲಿ ನಿಂತು ಎರಡೂ ಕೈ ಎತ್ತಿದಳು. ಸೆರಗು ಜಾರಿತು. ಹೊಲಿಗೆ ತಾಳಿತು, ಚಾಚಾ. ಎರಡು ತೋಳುಗಳ ಅಂಚು ಒಂದೇ ಸಾಲಿನಲ್ಲಿದ್ದವು. ಮಾಲೆ ಹಾಕಿದ ಮೇಲೂ ಅವಳು ಸೆರಗನ್ನು ಎಳೆದುಕೊಳ್ಳಲಿಲ್ಲ. ಕೆಲವರು ಅವಳ ಹೆಗಲು ನೋಡಿದರು, ನೋಡಿ ಅಕ್ಷತೆ ಹಾಕಿದರು. ಪಂಕ್ತಿಯಲ್ಲಿ ಆ ತಾಯಿ ನನ್ನೆದುರು ಬಂದು, ನಾನು ಸಾಕೆಂದರೂ ಕೇಳದೆ ಇನ್ನೊಂದು ಹೋಳಿಗೆ ಬಡಿಸಿ, ತುಪ್ಪ ಹಾಕಿ ಮುಂದೆ ಹೋದರು.

ಹೆದರಿಕೆ ಅಲ್ಲಿಗೆ ಮುಗಿಯಿತೆಂದು ತಿಳಿದಿದ್ದೆ. ನಿನ್ನೆ ಮುಂಜಾನೆ ಉಗಾರದಿಂದ ಒಬ್ಬ ಹೆಂಗಸು ಬಂದರು, ಗಂಡಿನ ಕಡೆಯ ಸೋದರತ್ತೆಯಂತೆ. ಕೈಯಲ್ಲಿ ಬಟ್ಟೆಯಿತ್ತು, ಅಳತೆ ಜಂಪರ ಇರಲಿಲ್ಲ. ಬಾಗಿಲು ಮುಚ್ಚಿ ಕುಳಿತು, ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಮಿರಜದಾಗ ಆಪರೇಷನ್ ಆಗೇತವ್ವಾ. ಒಂದ ಕಡೆ ತಗದಾರ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಂದಿನಿಂದ ಶಾಲು ಹೊದ್ದಕೊಂಡ ಓಡ್ಯಾಡತೇನಿ. ಬ್ಯಾಸಗ್ಯಾಗೂ. ಆ ಹುಡುಗಿ ಸೆರಗ ಬಿಟ್ಟ ನಿಂತಿದ್ದು ನೋಡೇನಿ. ನನಗ ಏನರ ಆಗತೈತೇನು?"

ನೀವು ಇದ್ದಿದ್ದರೆ ಅವರು ಇದನ್ನು ನಿಮಗೆ ಹೇಳುತ್ತಿದ್ದರೇ? ನನಗೆ ಹೇಳಿದ್ದಾರೆ. ಹೇಗೆ ಹೊಲಿಯಬೇಕೆಂಬುದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಟೇಪು ಎತ್ತಿಕೊಂಡು ಮತ್ತೆ ಕೆಳಗಿಟ್ಟೆ, ಅವರೂ ನೋಡಿದರು. ಆದರೂ ಬಟ್ಟೆ ತಿರುಗಿ ಕೊಡಲಿಲ್ಲ.

"ಶುಕ್ರವಾರ ಬರ್ರಿ ಅತ್ತಿ," ಎಂದೆ. "ಇಬ್ಬರೂ ಕೂಡೇ ನೋಡೂಣು."