ಕಾಕಾನ ಹುಣಸೆ ಬರಲು

ಹಾಲವ್ವಕ್ಕಾ,

ನೀನು ಪ್ರಾಣ ಬಿಟ್ಟ ಅದೇ ತಿಳವಳ್ಳಿಯ ಪಡಸಾಲೆಯಲ್ಲಿ ನಿನ್ನೆ ನನ್ನ ಮಗಳು ಅಂಕಿತಾಳಿಗೆ ಮತ್ತೆ ಎದೆ ಡವಗುಟ್ಟಿ ಉಸಿರು ಕಟ್ಟಿತು. ನಿನಗೆ ಆಗುತ್ತಿದ್ದ ಹಾಗೆಯೇ. ‘ದೆವ್ವ ಹಿಡದೈತಿ’ ಎಂದು ಚನ್ನವೀರಪ್ಪ ಕಾಕಾ ಮೆಣಸಿನಕಾಯಿ ಹೊಗೆ ಹಾಕಿ, ಅಂದು ನಿನಗೆ ಬಾರಿಸುತ್ತಿದ್ದಂತೆ ಅವಳ ಬೆನ್ನಿಗೂ ಹುಣಸೆ ಬರಲಿನಿಂದ ಬಾರಿಸಿದ. ನಾನು ಅದನ್ನು ಕಸಿದು, ಮುರಿಯುವ ತನಕ ಅವನಿಗೇ ಬಾರಿಸಿದೆ.

‘ಹುಚ್ಚ ಹಿಡೀತೇನಲೇ?’

‘ದೆವ್ವ ಬಿಡಸಾಕತ್ತೇನಿ, ಕಾಕಾ. ಚೀರಿದ್ರ ಬಿಟ್ಟಂಗ ಅಂತ ನೀನ ಹೇಳತಿದ್ದೆಲ್ಲ?’

ಹಾನಗಲ್ಲಿನ ಡಾಕ್ಟರಮ್ಮ ಇಸಿಜಿ ತೆಗೆದರು.

‘ಎದಿ ಗಟ್ಟಿ ಐತ್ರಿ. ಇದು ಗಾಬರಿ ಬ್ಯಾನಿ. ಮಾತು, ಮಾತ್ರಿ ಎರಡೂ ಬೇಕು. ವಾಸಿ ಆಗತೈತಿ.’

ಮಾತು-ಮಾತ್ರಿ ಪ್ರಾಸ ಚೆನ್ನಾಗಿತ್ತು, ನೀನಿದ್ದರೆ ನಗುತ್ತಿದ್ದೆ.

‘ಮನ್ಯಾಗ ಮತ್ತ ಯಾರಿಗರ ಇತ್ತೇನ್ರಿ?’

‘ನಮ್ಮ ಅಕ್ಕಗ.’

‘ಏನ್ ಔಷಧ ಕೊಟ್ಟಿದ್ರಿ?’

ಅಂಗೈಗೆ ನಾಟಿದ್ದ ಹುಣಸೆಯ ಸಿಬರು ಕೀಳುತ್ತ ಕುಳಿತೆ.